ಫ್ರಿಜ್ಜಿನಿಂದ ತೆಗೆದ ಮೇಲೆ ಅರ್ಧ ಗಂಟೆ

"ಈ ಸಲವೂ ಮರೆತ್ರಾ?"

ಬಾಗಿಲಲ್ಲೇ ನಿಂತು ಅವಳು ಕೇಳಿದಳು. ಕ್ಲಿನಿಕ್ಕಿನ ನರ್ಸ್ ಮಹಾಶಯ ತಲೆ ಕೆರೆದುಕೊಳ್ಳುತ್ತ ಫ್ರಿಜ್ ಕಡೆ ಓಡಿದ. "ಸಾರಿ ಟೈಲರ್ ಮೇಡಂ, ಇಂಜೆಕ್ಷನ್ ಈಗ ತೆಗೆದೆ. ತಣ್ಣಗಿರೋದನ್ನ ಚುಚ್ಚಿದ್ರೆ ನೋವಾಗುತ್ತೆ. ಅರ್ಧ ಗಂಟೆ ಕೂತ್ಕೊಳ್ಳಿ."

ಅಲ್ಲಿಗೆ ಬರುವವರೆಲ್ಲ ಅವನನ್ನು ಬ್ರದರ್ ಎನ್ನುತ್ತಿದ್ದರು. ಅವಳಿಗೆ ಮಾತ್ರ ಯಾಕೋ ಹಾಗೆ ಕರೆಯಲು ನಾಲಿಗೆಯೇ ಏಳುತ್ತಿರಲಿಲ್ಲ.

ಅವಳದು ಪಿಟ್ಯುಟರಿ ಗ್ರಂಥಿಯ ಕಾಯಿಲೆ. ಮೆದುಳಿನ ಕೆಳಗಿನ ಆ ಕಡಲೆಕಾಳಿನಷ್ಟು ಗ್ರಂಥಿಯಲ್ಲಿ ಒಂದು ಗಂಟು. ಬೆಳೆಯುವ ವಯಸ್ಸು ಮುಗಿದ ಮೇಲೂ ಬೆಳೆಸುವ ಹಾರ್ಮೋನನ್ನು ಸುರಿಸುತ್ತಲೇ ಇತ್ತು. ದವಡೆ ಅಗಲವಾಯಿತು, ಬೆರಳು ದಪ್ಪವಾಗಿ ಕತ್ತರಿಯ ಹಿಡಿಯಲ್ಲಿ ಹೆಬ್ಬೆಟ್ಟು ತೂರದಾಯಿತು. ಆಪರೇಷನ್ ಆದ ಮೇಲೂ ಉಳಿದ ಚೂರನ್ನು ಸುಮ್ಮನಿರಿಸಲು ತಿಂಗಳಿಗೊಂದು ಇಂಜೆಕ್ಷನ್. ಅಷ್ಟರಲ್ಲಿ ಮದುವೆಗೆ ಮಾತಾಗಿದ್ದ ಸಂಬಂಧವೂ ಮುರಿದಿತ್ತು. ಅಂದಿನಿಂದ ಅವಳು ಯಾರೆದುರೂ ಕೈ ತೋರಿಸುತ್ತಿರಲಿಲ್ಲ, ಬ್ಯಾಗಿನ ಕೆಳಗೆ ಬಚ್ಚಿಡುತ್ತಿದ್ದಳು.

ಆ ಅರ್ಧ ಗಂಟೆಯಲ್ಲಿ ಮಾತ್ರ ಎಲ್ಲಿಂದಲೋ ನಗು ಬಂದುಬಿಡುತ್ತಿತ್ತು. ಅವನ ಕೋಟಿನ ಕಿತ್ತ ಗುಂಡಿಯನ್ನು ಅವಳು ಛೇಡಿಸುವಳು. "ಹೊಲಿಯೋರು ಬೇಕಲ್ಲ" ಎಂದು ಅವನು ಓರೆಗಣ್ಣಲ್ಲಿ ನೋಡುವನು. ಅವಳು ಕಿಟಕಿ ಕಡೆ ತಿರುಗಿದರೂ ಕಿವಿ ಕೆಂಪಾಗಿರುತ್ತಿತ್ತು.

ಅಂದು ಡಾಕ್ಟರು ರಿಪೋರ್ಟ್ ನೋಡಿ ಹಿಗ್ಗಿದರು. "ಇನ್ನು ಪ್ರತಿ ಸಲ ಇಲ್ಲಿಗೆ ಬರೋದೇನೂ ಬೇಡ. ಮುಂದಿನ ತಿಂಗಳು ಮನೇಲಿರೋ ನಿಮ್ಮ ಅತ್ತಿಗೇನ ಕರ್ಕೊಂಡು ಬನ್ನಿ, ಚುಚ್ಚೋದು ಕಲಿಸಿಬಿಡೋಣ."

ಒಳ್ಳೆಯ ಸುದ್ದಿಯೇ. ಆದರೂ ಅವಳ ಕಣ್ಣು ಫ್ರಿಜ್ಜಿನ ಕಡೆಗೇ ಹೋಯಿತು.

ಮುಂದಿನ ತಿಂಗಳು ಅತ್ತಿಗೆಯ ಜೊತೆ ಬಂದಾಗ ಇಂಜೆಕ್ಷನ್ ಆಗಲೇ ಟ್ರೇನಲ್ಲಿ ಸಿದ್ಧವಾಗಿತ್ತು.

"ಇವತ್ತು ಮರೀಲಿಲ್ವಾ?"

"ಇಲ್ಲ," ಎಂದ ಅವನು, ತಲೆಯೆತ್ತದೆ.

ಬೇಗ ಸಾಗಹಾಕುವ ಆತುರ ಇರಬೇಕು ಅಂದುಕೊಂಡಳು. ಅವನು ತೋರಿಸಿದ ಹಾಗೆ ಅತ್ತಿಗೆ ಚುಚ್ಚಿ, ಕೈ ತೊಳೆಯಲು ಹೊರಗೆ ಹೋದಳು.

"ನಾನು ಯಾವತ್ತೂ ಮರೆತಿರಲಿಲ್ಲ ಮೇಡಂ," ಎಂದ ಅವನು. "ಬೇರೆಯವರದ್ದೆಲ್ಲ ಅವರು ಬರೋಕೆ ಮುಂಚೆನೇ ತೆಗೆದಿಡ್ತೀನಿ. ನಿಮ್ಮದು ಮಾತ್ರ ನೀವು ಬಂದ ಮೇಲೆ."

"ಅಯ್ಯೋ ಕಳ್ಳ!"

"ಇವತ್ತು ಕದಿಯೋಕೆ ಮನಸ್ಸು ಬರಲಿಲ್ಲ. ಇನ್ಮೇಲೆ ನೀವು ನನ್ನ ಪೇಷಂಟ್ ಅಲ್ವಲ್ಲ, ಕೇಳೇ ತಗೋಳೋಣ ಅಂತ. ನೀವಂದ್ರೆ ನಂಗೆ ತುಂಬಾ ಇಷ್ಟ. ಎದುರಿನ ಅಂಗಡೀಲಿ ಕಾಫಿ ಕುಡಿಯೋಕೆ ಒಂದರ್ಧ ಗಂಟೆ ಕೊಡ್ತೀರಾ?"

ಅವಳು ಬ್ಯಾಗಿನ ಕೆಳಗಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಸರಿಯಾಗಿ ನೋಡಿ. ಊತ ಇಳಿದಿದೆ, ಮೂಳೆ ಇಳಿಯಲ್ಲ. ಇನ್ನು ಇದು ಹೀಗೇ."

"ನೀವು ಬಚ್ಚಿಟ್ಟಾಗಲೇ ಎಲ್ಲ ನೋಡಿದೀನಿ."

ಅವನು ತನ್ನ ಕೈಯನ್ನು ಅದರ ಮೇಲಿಟ್ಟ. ಅವನದೇ ಚಿಕ್ಕದಾಗಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಬಾಗಿಲ ಬಳಿ ಅತ್ತಿಗೆ ಕೆಮ್ಮಿದಳು. "ಹೋಗ್ ಬಾಮ್ಮ, ಬ್ರದರ್ ಜೊತೆ ಕಾಫಿ ಕುಡಿದು ಬಾ."

"ಅತ್ತಿಗೇ, ಇವರನ್ನ ಹಾಗೆ ಕರೀಬೇಡಿ!" ಎಂದು ಅವಳು ಗದರಿದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.