ಇಸಿಮೇಲಿ ನಗದ ದಿನ

“ನಿಮ್ಮ ದ್ವೀಪದಲ್ಲಿ ಆಮೆಗಳೇ ಡಾಕ್ಟರಾಗ್ತವಂತೆ, ಹೌದಾ?”

ಆ ದ್ವೀಪದೇಶದ ರೇವಾ ನದಿಯ ದಂಡೆಯ ಆಸ್ಪತ್ರೆಗೆ ಡಾಕ್ಟರ್ ವಿಲಿಮೈನಾ ಬಂದ ಮೊದಲ ದಿನವೇ ಡಾಕ್ಟರ್ ಇಸಿಮೇಲಿ ಹೀಗೆ ಕೇಳಿದಾಗ ಅವಳ ಕೆನ್ನೆ ಬಿಸಿಯಾಯಿತು. ಆದರೆ ಸಿಟ್ಟು ಮಾಡುವಂತಿಲ್ಲ! ಇಬ್ಬರ ದ್ವೀಪಗಳಿಗೂ ಮೂಲದೈವ ಒಂದೇ, ಅಂದರೆ ಇಬ್ಬರೂ ತೌವು. ತೌವುಗಳು ಸಿಕ್ಕಲ್ಲೆಲ್ಲ ಕಾಲೆಳೆಯಬೇಕು, ಎಳೆಸಿಕೊಂಡವರು ನಗಬೇಕು. ಅವಳೂ ಬಡ್ಡಿ ಸಮೇತ ತಿರುಗಿಸಿ ಕೊಟ್ಟಳು.

ಅಂದಿನಿಂದ ಅವನ ಒಂದು ಮಾತನ್ನೂ ಅವಳು ನಂಬಲಿಲ್ಲ... ನಿನ್ನ ನಗು ನೋಡದೆ ದಿನ ಸಾಗುವುದಿಲ್ಲ ಎಂದದ್ದನ್ನೂ.

ನೆರೆ ಇಳಿದ ಮೇಲೆ ಅವಳ ಸೋದರಮಾವ ಸೈಮೋನೆ ಜ್ವರದಿಂದ ನಡುಗುತ್ತ ಬಂದರು. ತಂದೆಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು. ಆ ವಾರ ಬಂದವರೆಲ್ಲರಿಗೂ ಡೆಂಗ್ಯೂ. ಮಾವನಿಗೂ ಅದನ್ನೇ ಬರೆದಳು.

ಇಸಿಮೇಲಿ ಹೊಸದಾಗಿ ತಂದು ಕೂರಿಸಿದ್ದ ತಂತ್ರಾಂಶವೊಂದಿತ್ತು. ರೋಗದ ಹೆಸರು ಬರೆದ ಕೂಡಲೇ ‘ಬೇರೇನಿರಬಹುದು?’ ಎಂದು ಕೇಳುತ್ತಿತ್ತು. ಅವಳು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟಳು.

ಹಿಂದೆ ನಿಂತಿದ್ದ ಇಸಿಮೇಲಿ, ಇದು ಡೆಂಗ್ಯೂ ಅಲ್ಲ ಅನ್ನಿಸುತ್ತದೆ ಎಂದ. ಶುರುವಾಯಿತು ಇವನ ತೌವು ಬುದ್ಧಿ ಎಂದುಕೊಂಡ ಅವಳು, ನಿನ್ನ ಯಂತ್ರಕ್ಕೇ ಜ್ವರ ಬಂದಿರಬೇಕು ಎಂದಳು.

ಅವನು ನಗಲಿಲ್ಲ. ವಾರ್ಡಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಹಿರಿಯರ ಮುಂದೆ ಬಿನ್ನಹ ಮಾಡುವವರಂತೆ ಬೊಗಸೆಗೈಗಳಿಂದ ಚಪ್ಪಾಳೆ ತಟ್ಟಿದ. ಅವರ ರೂಢಿಯಲ್ಲಿ ಹಾಗೆ ಕೂತವನು ತಮಾಷೆ ಮಾಡುವುದಿಲ್ಲ...

“ವಿಲಿ, ಈಗ ನಾನು ತೌವು ಅಲ್ಲ. ನಿನ್ನ ಮಾವ ನೆರೆ ಕೆಸರಲ್ಲಿ ಕೆಸುವಿನ ಗೆಡ್ಡೆ ಕಿತ್ತಿದಾರೆ. ಮೀನಖಂಡ ಮುಟ್ಟೋಕೆ ಬಿಡ್ತಿಲ್ಲ. ಕಣ್ಣು ಹಳದಿ ಆಗಿದೆ. ಯಂತ್ರ ಕೇಳಿದ ಆ ಪ್ರಶ್ನೆಗೆ ಒಂದ್ಸಲ ಉತ್ತರ ಕೊಡು.”

ಅವಳು ಮಾವನ ಕಣ್ಣರೆಪ್ಪೆ ಎತ್ತಿ ನೋಡಿದಳು. ‘ಈ ಹಳದಿ ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ?’ ಒಂದೊಂದೇ ಲಕ್ಷಣ ತುಂಬಿದಳು. ಪರದೆಯ ಮೇಲೆ, ನೆರೆ ಕೆಸರಿನಿಂದ ಹರಡುವ ಇಲಿಜ್ವರ ಮೊದಲ ಸಾಲಿಗೆ ಏರಿತು. ರಕ್ತವನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶಕ್ಕೆ ಕಾಯದೆ ಪೆನಿಸಿಲಿನ್ ಶುರು ಮಾಡಿದಳು.

ಇಲಿಜ್ವರವೇ! ಮಾವ ಗೆದ್ದರು. ಎದ್ದು ಕೂತು ಮೀನಿನ ಸಾರಿಗೆ ಹಟ ಹಿಡಿದ ಬೆಳಿಗ್ಗೆ ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ವಿಲಿಮೈನಾ ವರಾಂಡಕ್ಕೆ ಓಡಿ ಮನಸಾರೆ ಅತ್ತಳು. ಇಸಿಮೇಲಿ ಬಂದು ಪಕ್ಕದಲ್ಲಿ ನಿಂತ.

“ಮಾವನ ವಿಷಯದಲ್ಲೂ ಆತುರಪಟ್ಟೆ, ನಿನ್ನ ವಿಷಯದಲ್ಲೂ,” ಎಂದಳು. “ಮೊದಲ ದಿನವೇ ಇವನು ಬರೀ ತಮಾಷೆಯವನು ಅಂತ ತೀರ್ಮಾನ ಮಾಡ್ಬಿಟ್ಟೆ. ನನ್ನ ನಗು ಅಂದ್ಯಲ್ಲ... ಅದು ನಿಜಾನಾ?”

“ನಿಜ. ನಮ್ಮ ಹಿರಿಯರು ತಿಮಿಂಗಿಲದ ಹಲ್ಲು ಹಿಡ್ಕೊಂಡು ನಿಮ್ಮನೆಗೆ ಹೆಣ್ಣು ಕೇಳೋಕೆ ಬರ್ತಾರೆ. ಬರಬಹುದಾ?”

“ಕಾಲೆಳೀತಿಲ್ಲ ತಾನೇ?”

“ತಿಮಿಂಗಿಲದ ಹಲ್ಲಿನ ವಿಷಯದಲ್ಲಿ ಯಾರಾದ್ರೂ ತಮಾಷೆ ಮಾಡ್ತಾರಾ, ವಿಲಿ?”

ಅವಳು ಕಣ್ಣೊರೆಸಿಕೊಂಡಳು.

“ಹಾಗಾದ್ರೆ ಮೊದಲು ನನ್ನ ಮಾವನ್ನ ಕೇಳು,” ಎಂದು ಅವನ ಕೈ ಹಿಡಿದು ವಾರ್ಡಿನೊಳಕ್ಕೆ ಎಳೆದುಕೊಂಡು ಹೋದಳು.