ಮುಂದೆ ನಡೆಯುತ್ತಿದ್ದವಳು

"ಬೇಡ. ಮುಂದಿದ್ದವಳು ಹೋಗ್ಬಿಟ್ಟಳು."

ಮಿನೆ ಮುತ್ತಜ್ಜಿ ಗಂಜಿಯ ಚಮಚವನ್ನು ತಳ್ಳಿದಳು. ಅವಳಿಗೆ ನೂರ ಹದಿನಾಲ್ಕು ವರ್ಷ.

"ಯಾರು ಮುತ್ತಜ್ಜಿ?" ಎಂದಳು ಗಂಜಿ ಕುಡಿಸುತ್ತಿದ್ದ ಮರಿಮಗಳು ನಗಿಸಾ.

ಮುಚ್ಚಿದ ಬಾಗಿಲನ್ನೇ ನೋಡುತ್ತಾ ಮುತ್ತಜ್ಜಿ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು.

ಆಗ ಫೋನ್ ಬಡಿದುಕೊಂಡಿತು.

ಅಮ್ಮ ಫೋನಿಗೇ ತಲೆಬಾಗಿ ಬಾಗಿ ಮಾತಾಡಿದಳು. "ನಗಿಸಾ, ಪುರಸಭೆಯವರು! ಉತ್ತರದ ಕಡೆಯ ತೊಶಿನೊ ಅಜ್ಜಿ ಬೆಳಿಗ್ಗೆ ತೀರಿಕೊಂಡ್ರಂತೆ. ಇನ್ನು ಇಡೀ ಜಪಾನಿಗೆ ನಮ್ಮಜ್ಜಿನೇ ಹಿರಿಯಳು. ಮಧ್ಯಾಹ್ನ ಮೇಯರ್ ಬರ್ತಾರೆ, ಟಿವಿಯವರೂ ಬರ್ತಾರೆ. ಅಯ್ಯೋ, ಮನೆ ನೋಡಿದ್ರೆ ಹೀಗಿದೆ!" ಎನ್ನುತ್ತಾ ಪೊರಕೆ ಹುಡುಕಿಕೊಂಡು ಓಡಿದಳು.

ನಗಿಸಾ ಗಂಜಿಯ ಚಮಚವನ್ನು ಕೆಳಗಿಟ್ಟಳು.

ಹೋದ ವಾರ ಕ್ಲಾಸಿನಲ್ಲಿ ರಿಕುತೊ, "ನಿಮ್ಮಜ್ಜಿ ಬರೀ ಸೆಕೆಂಡ್!" ಎಂದು ಹಂಗಿಸಿದ್ದ. "ತಡಿಯೋ, ಆ ತೊಶಿನೊ ಸತ್ರೆ ನಮ್ಮಜ್ಜಿನೇ ಫಸ್ಟ್" ಎಂದಿದ್ದಳು ನಗಿಸಾ. ಅಷ್ಟಕ್ಕೇ ಬಿಡದೆ, ಶಾಲೆಯಿಂದ ಬರುವಾಗ ಗುಡಿಯ ಮುಂದೆ ನಿಂತು, ಪದ್ಧತಿಯಂತೆ ಎರಡು ಸಲ ಚಪ್ಪಾಳೆ ತಟ್ಟಿ, ಅದನ್ನೇ ಬೇಡಿಕೊಂಡಿದ್ದಳು.

"ಮುತ್ತಜ್ಜಿ... ನನ್ನಿಂದಾನೇ ಅವರು ಸತ್ತಿದ್ದು. ನಾನೇ ಬೇಡ್ಕೊಂಡಿದ್ದೆ." ಅಳು ಒತ್ತರಿಸಿ ಬಂತು.

ಮುತ್ತಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಹುಚ್ಚೀ! ನೂರ ಹದಿನೈದರ ಮುದುಕಿ ಹೋಗೋಕೆ ನಿನ್ನ ಅಪ್ಪಣೆ ಬೇಕಿತ್ತಾ?"

ನಗಿಸಾ ಮೂಗು ಒರೆಸಿಕೊಂಡಳು. "ಮತ್ತೆ, ಫೋನ್ ಬರೋಕ್ಕೆ ಮುಂಚೇನೇ ನಿಂಗೆ ಹೇಗೆ ಗೊತ್ತಾಯ್ತು?"

"ಕಣ್ಣು ಮುಚ್ಚಿದ್ರೆ ಅವಳ ಬೆನ್ನು ಕಾಣ್ತಿತ್ತು. ಹಿಂದೆಲ್ಲ ನನ್ನ ಮುಂದೆ ರಾಶಿ ಬೆನ್ನುಗಳಿದ್ವು. ಒಬ್ಬೊಬ್ರೇ ಹೋದ್ರು. ಕೊನೆಗೆ ಇವಳೊಬ್ಬಳೇ ಉಳಿದಿದ್ದಳು." ಮುತ್ತಜ್ಜಿಯ ದನಿ ಪಿಸುಮಾತಾಯಿತು. "ಇವತ್ತು ದಾರಿ ಖಾಲಿ. ಗಾಳಿ ನೇರ ನಂಗೇ ಬಡೀತಿದೆ ಕಣೇ."

ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಮುತ್ತಜ್ಜಿಯ ಹಣೆಯ ಮೇಲಿನ ಬಿಳಿಗೂದಲು ಮೆಲ್ಲಗೆ ಹಿಂದಕ್ಕೆ ಹಾರಿದಂತೆ ನಗಿಸಾಳಿಗೆ ಕಂಡಿತು. ಓಡಿಹೋಗಬೇಕು ಅನ್ನಿಸಿದರೂ ಶಾಲನ್ನು ಮುತ್ತಜ್ಜಿಯ ಕತ್ತಿನವರೆಗೆ ಎಳೆದು ಹೊದಿಸಿದಳು.

ಮಧ್ಯಾಹ್ನ ಮನೆತುಂಬ ಜನ. ಮೇಯರ್ ಮಂಡಿಯೂರಿ ಹೂಗುಚ್ಛ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ತೊಶಿನೊ ಅಜ್ಜಿಯ ಹೆಸರನ್ನು ಯಾರೂ ಎತ್ತಲಿಲ್ಲ.

"ಅಜ್ಜೀ, ನಂಬರ್ ಒನ್ ಆದ್ರಿ, ಹೇಗನ್ನಿಸ್ತಿದೆ?" ಎಂದ ಟಿವಿಯವನು.

"ಚಳಿ" ಎಂದಳು ಮುತ್ತಜ್ಜಿ. ಎಲ್ಲರೂ ಗೊಳ್ಳೆಂದು ನಕ್ಕರು.

ನಗಿಸಾ ನಗಲಿಲ್ಲ. ಎದ್ದು ಬಂದು, ಮುತ್ತಜ್ಜಿಯ ಕುರ್ಚಿಯ ಮುಂದೆ, ಅವಳಿಗೆ ಬೆನ್ನು ಮಾಡಿ ನಿಂತಳು.

"ಪುಟ್ಟಿ, ಕ್ಯಾಮೆರಾಗೆ ಅಡ್ಡ ಆಗ್ತಿದ್ದೀಯ. ಸ್ವಲ್ಪ ಪಕ್ಕಕ್ಕೆ ಬಾಮ್ಮಾ" ಎಂದ ಟಿವಿಯವನು.

ನಗಿಸಾ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ, ಕಡ್ಡಿಯಂಥ ಐದು ಬೆರಳುಗಳು ಅವಳ ಬೆನ್ನನ್ನು ಮುಟ್ಟಿ ಅಲ್ಲೇ ನಿಂತವು.