ಬಾಳೆನಾರಿನ ಗಂಟು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕೇಬಲ್ ರಾಮ್‌ಕುಮಾರ್ ಠಾಣೆಗೆ ಬಂದ. ಕೈಯಲ್ಲಿ ಎರಡಡಿ ಉದ್ದದ ಕಪ್ಪು ತಂತಿ ಇತ್ತು. ಅದನ್ನು ಹೆಡ್ ಕಾನ್‌ಸ್ಟೇಬಲ್ ತಂಗವೇಲ್‌ನ ಮೇಜಿನ ಮೇಲಿಟ್ಟು, ಇದು ಐದನೇ ಸಲ ಎಂದ.

"ಹಾವು ಹಿಡಿದುಕೊಂಡು ಬಂದ ಹಾಗೆ ಬಂದಿದ್ದೀಯಲ್ಲಪ್ಪ," ಎಂದ ತಂಗವೇಲ್. "ಕೂತ್ಕೊ. ನಿಧಾನವಾಗಿ ಹೇಳು."

ತಮಿಳುನಾಡಿನ ಚಿನ್ನಮನೂರಿನಿಂದ ಕಂಬಂ ಕಡೆಗೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟಗಳ ನಡುವಿನ ಒಂದು ಊರಿಗೆ ರಾಮ್‌ಕುಮಾರ್ ಇಂಟರ್ನೆಟ್ ಲೈನ್ ಎಳೆದಿದ್ದ. ಎರಡು ತಿಂಗಳಲ್ಲಿ ಐದು ಕಡೆ ಯಾರೋ ಅದನ್ನು ಕತ್ತರಿಸಿದ್ದರು. ತಂತಿಯನ್ನು ಕದ್ದಿರಲಿಲ್ಲ, ಪೆಟ್ಟಿಗೆ ಒಡೆದಿರಲಿಲ್ಲ. ಸುಮ್ಮನೆ ಕತ್ತರಿಸಿ ಹೋಗಿದ್ದರು. ಪ್ರತಿ ಸಲವೂ ಊರಿಗೆ ಊರೇ ಎರಡು ದಿನ ನೆಟ್ ಇಲ್ಲದೆ ಕೂತಿತ್ತು. ಇನ್ನೊಂದು ಸಲ ಹೀಗಾದರೆ ಲೈನ್ ಬೇರೆಯವರಿಗೆ ಕೊಡುತ್ತೇವೆ ಎಂದು ಮೇಲಿನ ಕಂಪನಿಯವರು ಹೇಳಿದ್ದರು.

"ಯಾರ ಮೇಲಾದರೂ ಅನುಮಾನ ಇದೆಯಾ?" ಒಳಕೋಣೆಯಿಂದ ಬಂದ ಇನ್‌ಸ್ಪೆಕ್ಟರ್ ತೇನ್‌ಮೊಳಿ ಕೇಳಿದಳು.

"ಸುಂದರ್, ಮೇಡಂ. ಪಕ್ಕದೂರಿನ ಲೈನ್ ಅವನದು. ನಮ್ಮೂರನ್ನೂ ನುಂಗಬೇಕು ಅಂತ ಕಾಯ್ತಿದ್ದಾನೆ."

ಆಸ್ತಿಗೆ ಹಾನಿ ಮಾಡಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಜೀಪು ಹೊರಟಿತು.

ಕಂಬ ನೆಡುವ ಖರ್ಚು ಉಳಿಸಲು ರಾಮ್‌ಕುಮಾರ್ ತಂತಿಯನ್ನು ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳ ಮೇಲೆಯೇ ಹಾಯಿಸಿದ್ದ. ತೋಟದವರಿಗೆ ಅದಕ್ಕೆ ಬದಲಾಗಿ ಪುಕ್ಕಟೆ ಕನೆಕ್ಷನ್. ಹಾಗಾಗಿ ತಂತಿ ಆಳೆತ್ತರಕ್ಕಿಂತ ಸ್ವಲ್ಪವೇ ಮೇಲೆ, ಎಲೆಗಳ ಸಂದಿಯಲ್ಲಿ ಓಡುತ್ತಿತ್ತು. ಗ್ರಾಮ ಆಡಳಿತಾಧಿಕಾರಿಯನ್ನು ಸಾಕ್ಷಿಯಾಗಿ ಕರೆಸಿ ತಂಗವೇಲ್ ಪಂಚನಾಮೆ ಬರೆಯತೊಡಗಿದ.

"ಓರೆಯಾಗಿ ಒಂದೇ ಏಟಿಗೆ ಕತ್ತರಿಸಿದೆ. ಬಳ್ಳಿ ಸವರುವ ಕತ್ತರಿ ಇರಬಹುದು," ಎಂದ ಅವನು. "ಅದು ಈ ಊರಲ್ಲಿ ಮನೆಗೆ ಎರಡಿರುತ್ತೆ ಮೇಡಂ. ಏನು ಪ್ರಯೋಜನ?"

ತೇನ್‌ಮೊಳಿ ತುಂಡಾದ ತಂತಿಯ ತುದಿಗಳನ್ನು ನೋಡುತ್ತಿದ್ದಳು. ಎರಡು ತುದಿಗಳೂ ಕೆಳಗೆ ಜೋತುಬಿದ್ದಿರಲಿಲ್ಲ. ಒಂದೊಂದನ್ನೂ ಸುರುಳಿ ಸುತ್ತಿ, ಬಾಳೆನಾರಿನಿಂದ ಕಲ್ಲುಕಂಬಕ್ಕೆ ಎತ್ತಿ ಕಟ್ಟಲಾಗಿತ್ತು.

"ಹಿಂದಿನ ನಾಲ್ಕು ಸಲವೂ ಹೀಗೇ ಕಟ್ಟಿತ್ತಾ?"

ರಾಮ್‌ಕುಮಾರ್ ತಲೆ ಕೆರೆದುಕೊಂಡ. "ಕಟ್ಟಿತ್ತು ಮೇಡಂ. ನಾನು ಬಿಚ್ಚಿ ಜೋಡಿಸ್ತಿದ್ದೆ. ತೋಟದವರು ಯಾರೋ ಕಟ್ಟಿರ್ತಾರೆ ಅಂದ್ಕೊಂಡೆ."

ಬೇರೆ ತೋಟಗಳಲ್ಲಿ ಬಳ್ಳಿ ಕಟ್ಟಲು ಪ್ಲಾಸ್ಟಿಕ್ ಹುರಿ ಬಂದು ಎಷ್ಟೋ ವರ್ಷವಾಗಿತ್ತು. ಬಾಳೆನಾರನ್ನು ನೆನೆಸಿ, ಸೀಳಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವವರು ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆಸಿದ ಕನ್ನಡದ ಮನೆಗಳ ಹೆಂಗಸರು ಮಾತ್ರ. ತೇನ್‌ಮೊಳಿಯ ಅಜ್ಜಿಯೂ ಹಾಗೇ ಬರುತ್ತಿದ್ದಳು. ಕತ್ತರಿಸಿದ್ದು ಯಾವುದೇ ಇರಲಿ, ಅಜ್ಜಿ ಅದನ್ನು ತೂಗಲು ಬಿಡುತ್ತಿರಲಿಲ್ಲ. ದೇವರಿಗೆ ಬಿಟ್ಟ ಹಸುಗಳ ಮಂದೆ ಸಂಜೆ ತೋಟಗಳ ದಾರಿಯಲ್ಲೇ ಹಿಂತಿರುಗುತ್ತಿತ್ತು. ಅವುಗಳ ಕೊಂಬಿಗೆ ಬಳ್ಳಿ ಸಿಕ್ಕಿಕೊಂಡರೆ ಮನೆಗೆ ಕೇಡು ಎಂಬ ನಂಬಿಕೆ. ಕತ್ತರಿಸು, ಎತ್ತಿ ಕಟ್ಟು. ಇದು ಯೋಚನೆ ಮಾಡಿ ಮಾಡುವ ಕೆಲಸವಾಗಿರಲಿಲ್ಲ, ಕೈಗೆ ಅಂಟಿದ ಅಭ್ಯಾಸ.

"ಗಂಟನ್ನೂ ಬರೆದುಕೊ," ಎಂದಳು ತಂಗವೇಲ್‌ಗೆ. "ನಾರು ಸಮೇತ ಜಪ್ತಿ ಮಾಡು. ರಾಮ್‌ಕುಮಾರ್, ನಾನು ಹೇಳುವವರೆಗೆ ಲೈನ್ ಜೋಡಿಸಬೇಡ. ಗಂಟಿನ ವಿಷಯ ಯಾರ ಹತ್ತಿರವೂ ಆಡಬೇಡ."

ಯಾರ ಗಂಟು ಎಂದು ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಜೀಪಿನಲ್ಲಿ ತನ್ನನ್ನೇ ಕೇಳಿಕೊಂಡಳು. ಅವಳು ಕನ್ನಡವನ್ನು ಮನೆಯ ಹೊರಗೆ ಆಡಿ ಮೂವತ್ತು ವರ್ಷವಾಗಿತ್ತು.

ಮಧ್ಯಾಹ್ನ ಸುಂದರ್‌ನನ್ನು ಕರೆಸಿದರು.

"ವೈರ್ ಕತ್ತರಿಸಿದ ದಿನ, ಶನಿವಾರ ಮಧ್ಯಾಹ್ನ ಎಲ್ಲಿದ್ದೆ?"

"ದಿಂಡಿಗಲ್‌ನಲ್ಲಿ. ಅಕ್ಕನ ಮಗುವಿಗೆ ಕಿವಿ ಚುಚ್ಚಿಸಿದ್ರು. ಸೋದರಮಾವ ನಾನೇ, ಮಡಿಲಲ್ಲಿ ಕೂರಿಸಿಕೊಂಡಿದ್ದೆ. ಫೋಟೋ ಇದೆ, ನೋಡಿ."

"ಬೇರೆಯವರಿಂದ ಮಾಡಿಸಬಹುದಲ್ಲ?"

"ಮೇಡಂ, ನಾನು ಮಾಡಿಸೋದಾದ್ರೆ ಅವನ ಮೇನ್ ಪೆಟ್ಟಿಗೆಗೇ ಕೈ ಹಾಕಿಸ್ತೀನಿ. ಕೊಂಬೆ ಕೊಂಬೆ ಕತ್ತರಿಸ್ತಾ ಕೂರ್ತೀನಾ? ನಾನೇನು ಮೇಕೆನಾ?"

ತಂಗವೇಲ್ ನಗು ತಡೆಯಲು ಕಡತದೊಳಗೆ ತಲೆ ಹಾಕಿದ. ಸುಂದರ್‌ನನ್ನು ಕಳಿಸಿದರು.

ಮಂಗಳವಾರ ತೋಟದ ಯಜಮಾನರ ಹೇಳಿಕೆ ತೆಗೆದುಕೊಂಡಾಗ ಒಂದು ಸಂಗತಿ ಹೊರಬಿತ್ತು. ಬಳ್ಳಿ ಸವರುವ ಹೆಂಗಸರು ಗುಂಪಾಗಿ ಸರದಿಯ ಮೇಲೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಐದು ಸಲವೂ ತಂತಿ ಕತ್ತರಿಸಿದ್ದು ಒಂದೇ ಗುಂಪು ಇದ್ದ ತೋಟದಲ್ಲಿ, ಅದೂ ಹಗಲು ಹೊತ್ತಿನಲ್ಲಿ. ಸ್ಟೂಲು ಹತ್ತಿ, ಕತ್ತರಿ ಹಿಡಿದು, ತಲೆಯನ್ನು ಎಲೆಗಳೊಳಗೆ ತೂರಿಸಿ ನಿಂತ ಹೆಂಗಸು ಏನು ಕತ್ತರಿಸುತ್ತಿದ್ದಾಳೆ ಎಂದು ಯಾರು ನೋಡುತ್ತಾರೆ?

"ಆ ಗುಂಪಲ್ಲಿ ಬಾಳೆನಾರು ತರುವವರು ಯಾರು?"

"ಜೆಯಲಕ್ಷ್ಮಿ ಒಬ್ಬಳೇ," ಎಂದರು ಯಜಮಾನರು. "ಹುರಿ ಕೊಟ್ಟರೂ ಮುಟ್ಟಲ್ಲ. ಮಹಾ ಸಾಧು ಹೆಂಗಸು. ಅವಳ ಗಂಡ ರಾಮರ್ ಕೊಡೈಕಾನಲ್‌ನಲ್ಲಿ ಹೋಟೆಲ್ ಅಡುಗೆಯವನು, ತಿಂಗಳಿಗೊಮ್ಮೆ ಬರ್ತಾನೆ. ಮನೇಲಿ ಒಬ್ಬ ಮಗ. ಅವನು ಸ್ಕೂಲ್ ಬಿಟ್ಟು ಫೋನ್ ಹಿಡಿದು ಕೂತವನು ಇನ್ನೂ ಎದ್ದಿಲ್ಲ."

ಸಂಜೆ ನಾಲ್ಕು ಗಂಟೆಗೆ ತೇನ್‌ಮೊಳಿ ಮತ್ತು ತಂಗವೇಲ್ ಆ ಮನೆಗೆ ಹೋದರು. ಬಾಗಿಲು ತೆರೆದವನು ಹದಿನಾರರ ಹುಡುಗ, ಸೂರ್ಯ. ಸಮವಸ್ತ್ರ ನೋಡಿದವನೇ ಕೇಳುವ ಮೊದಲೇ ತಮಿಳಿನಲ್ಲಿ ಹೇಳಿದ:

"ವೈರ್ ವಿಷಯನಾ? ನಾನೇ ಕತ್ತರಿಸಿದ್ದು."

"ಐದು ಸಲವೂ?"

"ಹೂಂ."

"ಯಾತರಿಂದ?"

"ಅಮ್ಮನ ಕತ್ತರೀಲಿ."

"ನೆಟ್ ಇಲ್ಲದಿದ್ದರೆ ಆಡಕ್ಕಾಗದೋನು ನೀನೇ ಅಲ್ವಾ ತಂಬಿ?" ಎಂದ ತಂಗವೇಲ್. "ನಿನ್ನ ತಟ್ಟೆಗೆ ನೀನೇ ಮಣ್ಣು ಹಾಕ್ಕೊಂಡ್ಯಾ?"

ಹುಡುಗ ಬಾಗಿಲಿಗೆ ಒರಗಿ ನಿಂತ.

"ಕತ್ತರಿಸಿದ ಮೇಲೆ ಏನು ಮಾಡಿದೆ?" ತೇನ್‌ಮೊಳಿ ಕೇಳಿದಳು.

"ಏನಿಲ್ಲ. ಹಾಗೇ ಬಿಟ್ಟು ಬಂದೆ."

ಅಷ್ಟರಲ್ಲಿ ಅಂಗಳದಲ್ಲಿ ಜೆಯಲಕ್ಷ್ಮಿ ಕಾಣಿಸಿಕೊಂಡಳು. ಸೊಂಟದಲ್ಲಿ ನಾರಿನ ಕಟ್ಟು, ಕೈಯಲ್ಲಿ ಊಟದ ಡಬ್ಬಿ. ಜೀಪು ನೋಡಿದಳು, ಮಗನನ್ನು ನೋಡಿದಳು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

"ಅವ ಅಲ್ಲ, ಮೇಡಂ. ಅವನಿಗೆ ಆ ಕತ್ತರಿ ಹಿಡಿಯಕ್ಕೇ ಬರಲ್ಲ."

ತೇನ್‌ಮೊಳಿ ಅವಳನ್ನು ಮನೆಯ ಹಿಂದಿನ ಕಲ್ಲುಚಪ್ಪಡಿಯ ಬಳಿಗೆ ಕರೆದೊಯ್ದಳು. ತಮಿಳಿನಲ್ಲಿ ಮೂರು ಪ್ರಶ್ನೆ ಕೇಳಿದಳು. ಹೆಂಗಸು ಮೂರಕ್ಕೂ ಹೌದು ಎಂದಳು. ನಾಲ್ಕನೆಯದು ತೇನ್‌ಮೊಳಿಯ ಬಾಯಿಂದ ತಾನಾಗಿಯೇ ಕನ್ನಡದಲ್ಲಿ ಬಂತು, ತಡವರಿಸಿಕೊಂಡು.

"ಯಾತಕ್ಕೆ ಮಾಡ್ದೆ ಅಕ್ಕಾ?"

ಜೆಯಲಕ್ಷ್ಮಿ ತಲೆ ಎತ್ತಿದಳು. "ನೀನು ನಮ್ಮೋಳಾ, ತಾಯಿ?"

"ಕಂಬಂ. ಹೇಳು."

ಅವಳು ಹೇಳಿದಳು. ಸೂರ್ಯ ಆಟಕ್ಕೆ ಬಿದ್ದು ಎರಡು ವರ್ಷ. ಕೊಡೈಕಾನಲ್ ದಾರಿಯ ಯಾವುದೋ ಶಿಬಿರಕ್ಕೆ ಗಂಡ ಕಳಿಸಿದ್ದ. ಅಲ್ಲಿ ಫೋನ್ ಕಿತ್ತುಕೊಂಡು, ಬೆಳಗಾಗೆದ್ದು ಓಡಿಸಿ, ಕೋಣೆಗೆ ಬೀಗ ಹಾಕಿದ್ದರು. ಬಂದವನು ಮೊದಲಿಗಿಂತ ಮೌನಿಯಾದ. ಆಮೇಲೆ ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಆಪ್ತಸಲಹೆಗಾರ್ತಿ ಸರಣ್ಯಾ ಫೋನ್ ಕಿತ್ತುಕೊಳ್ಳಬೇಡಿ ಎಂದಳು. ಸಂಜೆ ಎರಡು ಗಂಟೆ ಆಡಲಿ, ಉಳಿದ ಹೊತ್ತು ಮನೆಯ ಇಂಟರ್ನೆಟ್ ಪೆಟ್ಟಿಗೆಯ ಸ್ವಿಚ್ಚನ್ನು ನೀವೇ ಆರಿಸಿ, ಮೆಲ್ಲಗೆ ಕಡಿಮೆಯಾಗುತ್ತದೆ ಎಂದಳು.

"ಆ ಪೆಟ್ಟಿಗೆಲೇ ನೆಟ್ ಬರೋದು. ಅವನ ಸಿಮ್‌ಗೆ ಅವರಪ್ಪ ಬರೀ ಮಾತಾಡೋ ಅಷ್ಟಕ್ಕೆ ಹಾಕ್ತಾರೆ. ಡಾಕ್ಟರಮ್ಮ ಸುಲಭವಾಗಿ ಹೇಳಿದ್ಲು, ಸ್ವಿಚ್ ಆರ್ಸು ಅಂತ. ನಾನು ಆರ್ಸಿದ್ರೆ ಅವನಿಗೆ ಗೊತ್ತಿರುತ್ತಲ್ಲ, ಆರ್ಸಿದ ಕೈ ಯಾರ್ದು ಅಂತ. ಒಂದ್ಸಲ ತಳ್ಳಿದ. ಬಾಗಿಲಿಗೆ ತಗುಲ್ತು." ಅವಳು ಹುಬ್ಬಿನ ಮೇಲಿನ ಗುರುತು ಮುಟ್ಟಿಕೊಂಡಳು. "ಅವನಿಗೂ ಭಯ ಆಗೋಯ್ತು ಪಾಪ. ಆಮೇಲೆ ನಾನು ಆರ್ಸಲೇ ಇಲ್ಲ."

"ಕತ್ತರಿಸೋದು ಹೇಗೆ ಹೊಳೀತು?"

"ಈ ಐದಕ್ಕೂ ಮುಂಚೆ ಒಂದ್ಸಲ ತಾನಾಗೇ ಹರಿದಿತ್ತು. ಬಾಳೆಗೊನೆ ಲಾರಿ ಹೋಗ್ತಾ ರಸ್ತೇಲಿ ವೈರ್ ಎಳ್ಕೊಂಡು ಹೋಯ್ತು. ಅವತ್ತು ಪೆಟ್ಟಿಗೇಲಿ ಕೆಂಪು ದೀಪ. ನಮ್ಮ ಪೈಯ, ಸೂರ್ಯ, ಎದ್ದು ಹೊರಗೆ ಬಂದ. ನಾನು ನಾರು ಸೀಳ್ತಾ ಕೂತಿದ್ದೆ, ಪಕ್ಕದಲ್ಲಿ ಕೂತ. 'ಏನಮ್ಮಾ ಸಾಪಾಟು' ಅಂದ. ಎರಡು ವರ್ಷ ಆಗಿತ್ತು ತಾಯಿ, ಅವ ಊಟ ಏನು ಅಂತ ಕೇಳಿ. ಮಾರನೇ ದಿನ ವೈರ್ ಕಟ್ಟಿದ್ರು. ಅವ ಒಳಗೆ ಹೋದ."

ಅವಳು ಸೊಂಟದ ನಾರಿನ ಕಟ್ಟನ್ನು ಬಿಚ್ಚಿ ಕಲ್ಲಿನ ಮೇಲಿಟ್ಟಳು. "ಊರವರಿಗೆಲ್ಲ ತೊಂದ್ರೆ ಅಂತ ಗೊತ್ತು. ತಡ್ಕಳಕ್ಕಾಗದ ದಿನ ಮಾತ್ರ ಮಾಡ್ದೆ."

ಹೆಂಗಸಿನ ಬಂಧನವನ್ನು ಸೂರ್ಯಾಸ್ತಕ್ಕೆ ಮೊದಲು, ಮಹಿಳಾ ಕಾನ್‌ಸ್ಟೇಬಲ್ ಇರುವಾಗ ಮಾಡಬೇಕು. ಹೊತ್ತು ಇಳಿದಿತ್ತು, ಮಹಿಳಾ ಕಾನ್‌ಸ್ಟೇಬಲ್ ಜೊತೆಗೆ ಬಂದಿರಲಿಲ್ಲ. ಬೆಳಿಗ್ಗೆ ಠಾಣೆಗೆ ಬರಲು ಹೇಳಿ, ಕತ್ತರಿಯನ್ನು ಜಪ್ತಿ ಮಾಡಿ, ತೇನ್‌ಮೊಳಿ ಜೀಪಿನ ಬಳಿ ನಿಂತು ತೇನಿಗೆ ಫೋನ್ ಮಾಡಿದಳು.

"ಸೂರ್ಯನಾ?" ಎಂದಳು ಸರಣ್ಯಾ. "ಶನಿವಾರ ಶನಿವಾರ ವಿಡಿಯೋದಲ್ಲಿ ಮಾತಾಡಬೇಕಿತ್ತು ಮೇಡಂ. ಮೂರು ವಾರ ತಪ್ಪಿಸಿದ್ದಾನೆ. ಊರಲ್ಲಿ ನೆಟ್ ಇಲ್ಲ ಅಂತ ಮೆಸೇಜ್ ಹಾಕ್ತಾನೆ."

"ಮೆಸೇಜ್ ಯಾವುದರಲ್ಲಿ ಹಾಕ್ತಾನೆ?"

"ವಾಟ್ಸ್‌ಆ್ಯಪ್‌ನಲ್ಲಿ," ಎಂದಳು ಸರಣ್ಯಾ ನಿಧಾನವಾಗಿ.

ತೇನ್‌ಮೊಳಿ ಮನೆಯೊಳಗೆ ಮತ್ತೆ ಹೋದಳು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮೂಲೆಯಲ್ಲಿ ಕೂತ ಸೂರ್ಯನ ಫೋನಿನಲ್ಲಿ ಯಾರೋ ಓಡುತ್ತಿದ್ದರು, ಯಾರೋ ಗುಂಡು ಹಾರಿಸುತ್ತಿದ್ದರು. ಅವಳು ಬಂದದ್ದು ಕಂಡರೂ ಅವನು ಅದನ್ನು ಮುಚ್ಚಿಡಲಿಲ್ಲ.

"ನೆಟ್ ಎಲ್ಲಿಂದ?"

"ಫ್ರೆಂಡ್ ರೀಚಾರ್ಜ್ ಮಾಡ್ತಾನೆ. ಮೊದಲಿಂದಲೂ."

"ಅಂದರೆ ವೈರ್ ಕತ್ತರಿಸಿದರೂ ನಿನಗೆ ಆಡಬಹುದಿತ್ತು."

"ಹೂಂ."

"ಅಮ್ಮನೇ ಕತ್ತರಿಸ್ತಾರೆ ಅಂತ ಹೇಗೆ ಗೊತ್ತಾಯಿತು?"

"ಅಂಥ ದಿನ ಬೇಗ ಬರ್ತಾಳೆ. ಬಂದವಳೇ ಪೆಟ್ಟಿಗೆ ನೋಡ್ತಾಳೆ. ಆಮೇಲೆ ನನ್ನನ್ನ ನೋಡ್ತಾಳೆ."

"ನೀನು ಹೊರಗೆ ಹೋಗಿ ಕೂರ್ತೀಯ."

ಅವನು ಭುಜ ಕುಣಿಸಿದ.

"ಸರಣ್ಯಾ ಮೇಡಂ ಹತ್ತಿರ ಯಾಕೆ ಮಾತಾಡಲ್ಲ?"

"ಅವರು ಪ್ರಶ್ನೆ ಕೇಳ್ತಾರೆ," ಎಂದ ಸೂರ್ಯ. "ಅಮ್ಮ ಏನೂ ಕೇಳಲ್ಲ."

ಆ ಹುಡುಗ ತಾಯಿಯ ಮೇಲಿನ ಪ್ರೀತಿಯಿಂದ ಹೊರಗೆ ಬರುತ್ತಿದ್ದನೋ, ಚಿಕಿತ್ಸೆಯಿಂದ ತಪ್ಪಿಸಿಕೊಳ್ಳಲು ಬರುತ್ತಿದ್ದನೋ ತೇನ್‌ಮೊಳಿಗೆ ತಿಳಿಯಲಿಲ್ಲ. ಠಾಣೆಗೆ ಮರಳುವ ದಾರಿಯುದ್ದಕ್ಕೂ ಎರಡನ್ನೂ ಬೇರೆ ಮಾಡಲು ನೋಡಿದಳು. ಆಗಲಿಲ್ಲ. ತಂಗವೇಲ್ ಮಾತ್ರ ಒಂದೇ ಮಾತು ಹೇಳಿದ: "ನಮ್ಮ ಮನೇಲೂ ಒಬ್ಬನಿದ್ದಾನೆ ಮೇಡಂ. ವೈರ್ ಕತ್ತರಿಸೋ ಯೋಚನೆ ನನಗೆ ಬಂದಿರಲಿಲ್ಲ, ಅಷ್ಟೇ."

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಜೆಯಲಕ್ಷ್ಮಿ ತಾನಾಗಿಯೇ ಬಂದಳು. ಹಿಂದೆ ಸೂರ್ಯ. ರಾತ್ರಿ ಬಸ್ಸಿಗೆ ಕೊಡೈಕಾನಲ್‌ನಿಂದ ಇಳಿದು ಬಂದಿದ್ದ ರಾಮರ್ ಜಾಮೀನಿಗೆ ನಿಲ್ಲಲು ಆಧಾರ್ ಕಾರ್ಡ್ ಹಿಡಿದು ನಿಂತಿದ್ದ. ಯಾರನ್ನು ಬೈಯಬೇಕೆಂದು ತಿಳಿಯದೆ ಆ ಕಾರ್ಡನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಮಹಿಳಾ ಕಾನ್‌ಸ್ಟೇಬಲ್ ಬಂಧನದ ಕಾಗದಕ್ಕೆ ಜೆಯಲಕ್ಷ್ಮಿಯ ಸಹಿ ಹಾಕಿಸಿಕೊಂಡಳು. ರಾಮ್‌ಕುಮಾರ್ ಬಂದು ನೋಡಿ, ಬಾಗಿಲಲ್ಲೇ ನಿಂತುಬಿಟ್ಟ. ಈ ಹೆಂಗಸು ಕೆಲಸ ಮಾಡುವ ತೋಟದ ದಾರಿಯಲ್ಲೇ ಅವನು ದಿನಾ ಓಡಾಡುತ್ತಿದ್ದ. "ಅತ್ತೆ, ನೀವಾ?" ಎಂದ ಊರಿನ ಸಲುಗೆಯಲ್ಲಿ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಜಾಮೀನಿನ ಕಾಗದ ಸಿದ್ಧವಾಗುವವರೆಗೆ ತೇನ್‌ಮೊಳಿ ಅವಳನ್ನು ಒಳಕೋಣೆಯಲ್ಲಿ ಕೂರಿಸಿದಳು. ಹೇಳಬೇಕೋ ಬೇಡವೋ ಎಂದು ಇಡೀ ರಾತ್ರಿ ಯೋಚಿಸಿದ್ದಳು. ಹೇಳಿದರೆ ಅವಳು ಮಾಡಿದ ಅಪರಾಧವೆಲ್ಲ ವ್ಯರ್ಥವಾಯಿತೆಂದು ಹೇಳಿದ ಹಾಗೆ. ಹೇಳದಿದ್ದರೆ ಅವಳು ಮತ್ತೆ ಸ್ಟೂಲು ಹತ್ತಬಹುದು.

"ಅಕ್ಕಾ, ಅವನ ಫೋನಲ್ಲೇ ನೆಟ್ ಇದೆ. ಮೊದಲಿಂದಲೂ ಇತ್ತು. ನೀನು ವೈರ್ ಕತ್ತರಿಸಿದ್ದಕ್ಕೆ ಅವನ ಆಟ ನಿಂತಿರಲಿಲ್ಲ."

ಜೆಯಲಕ್ಷ್ಮಿ ಅರ್ಥವಾಗದವಳಂತೆ ನೋಡಿದಳು. ಅರ್ಥವಾಗಲು ಬಹಳ ಹೊತ್ತು ಹಿಡಿಯಿತು.

"ಹಂಗಾದ್ರೆ ಅವ ಯಾತಕ್ಕೆ ಹೊರಗೆ ಬಂದ?"

"ಅವನನ್ನೇ ಕೇಳಿ ನೋಡು."

"ಕೇಳಿದ್ರೆ ಎದ್ದು ಹೋಗ್ತಾನೆ," ಎಂದಳು ಜೆಯಲಕ್ಷ್ಮಿ.

ತನಿಖೆ ಮುಗಿದಿತ್ತು, ಅಪರಾಧಿ ಒಪ್ಪಿಕೊಂಡಿದ್ದಳು, ಆಯುಧ ಸಿಕ್ಕಿತ್ತು, ಸಾಕ್ಷಿಗಳಿದ್ದರು. ಶನಿವಾರ ಹುಡುಗನನ್ನು ತೇನಿಗೆ ನೇರವಾಗಿ ಕರೆದುಕೊಂಡು ಹೋಗು, ವಿಡಿಯೋ ಬೇಡ, ನೀನೂ ಜೊತೆಗೆ ಕೂರು ಎಂದಷ್ಟೇ ತೇನ್‌ಮೊಳಿ ಹೇಳಿದಳು. ಸರಣ್ಯಾ ಹೇಳಿಕಳಿಸಿದ ಮಾತು ಅದು. ಜೆಯಲಕ್ಷ್ಮಿ ತಲೆಯಾಡಿಸಿದಳು. ಕೇಳಿಸಿಕೊಂಡಳೋ ಇಲ್ಲವೋ.

ಹೊರಗೆ ಜಗಲಿಯ ಬೆಂಚಿನ ಮೇಲೆ ಸೂರ್ಯ ಫೋನಿನ ಮೇಲೆ ಬಾಗಿ ಕೂತಿದ್ದ. ತಾಯಿ ಬಂದದ್ದು ನೋಡಿ ಕಣ್ಣೆತ್ತಲಿಲ್ಲ. ಆದರೆ ಒಂದು ಮೊಳ ಆಚೆಗೆ ಸರಿದ. ಜೆಯಲಕ್ಷ್ಮಿ ಆ ಜಾಗದಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಗಂಡ ಬಸ್ಸಿನ ಹೊತ್ತಾಯಿತೆಂದು ಗೇಟಿನಿಂದ ಕರೆದ. ಅವಳು ಸ್ವಲ್ಪ ತಾಳು ಎಂದು ಕೈಸನ್ನೆ ಮಾಡಿದಳು. ಮಗನ ಆಟ ಇನ್ನೂ ಮುಗಿದಿರಲಿಲ್ಲ.